ಬರ್ತೇನಿ ಎಂದವನ ಹೆಸರು

ನೆನಪುಕಟ್ಟೆ,
ಫೆಬ್ರವರಿ ೩೦, ೨೩೪೧

ಬೈಲಹೊಂಗಲದ ಶಿವಲೀಲಾ ಹಂಜಿಯವರಿಗೆ ನೀಲವ್ವನ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡ ಅಲ್ಲಲ್ಲಿ ಅನ್ನದೊಳಗಿನ ಕಲ್ಲಿನಂತೆ ಸಿಕ್ಕರೆ ಕ್ಷಮಿಸಿ. ಇಲ್ಲಿ ಈ ಭಾಷೆ ಬಲ್ಲವರು ಹನ್ನೊಂದು ಮಂದಿ, ಅವರಲ್ಲಿ ಇಬ್ಬರು ನನ್ನೊಡನೆ ಮಾತು ಬಿಟ್ಟಿದ್ದಾರೆ.

ನಾನು ನೆನಪುಕಟ್ಟೆಯ ಓದುಗಾರ್ತಿ. ಹಳೆಯ ಕಾಗದಗಳಿಂದ ಸತ್ತವರ ಹೆಸರು ಹೆಕ್ಕಿ, ವರ್ಷಕ್ಕೊಮ್ಮೆ ಕೂಗಿ, ಹೋಳಿಗೆಯ ಎಡೆ ಇಡುವ ಜಾಗವಿದು. ನಮ್ಮಲ್ಲಿ ಇನ್ನೊಂದು ಪಟ್ಟಿಯೂ ಇದೆ, ದಾರಿಪಟ್ಟಿ ಅಂತ. ಸಮುದ್ರ ಏರಿ ಊರುಗಳು ಚದುರಿದ ಕಾಲದಲ್ಲಿ, ಕಾಣೆಯಾದವರು ಬಂದೇ ಬರುತ್ತಾರೆಂದು ಹಿರಿಯರು ಮಾಡಿದ್ದು. ಅದರಲ್ಲಿ ಇರುವವರಿಗೆ ಎಡೆ ಇಲ್ಲ. ಬಾಗಿಲಲ್ಲಿ ಒಂದು ಚಾಪೆ, ಒಂದು ತಂಬಿಗೆ ನೀರು ಅಷ್ಟೆ. ದಿನಾ ಬೆಳಿಗ್ಗೆ ನಾನು ಹೆಸರು ಹಿಡಿದು "ಬಂದಿರಾ?" ಎಂದು ಕೇಳಬೇಕು.

ನಿಮ್ಮ ಅಜ್ಜನ ಅಣ್ಣ ಗುರುಪಾದಪ್ಪ ಆ ಪಟ್ಟಿಯಲ್ಲಿದ್ದಾರೆ.

೧೯೪೪ರಲ್ಲಿ ಅವರಿಗೆ ಇಪ್ಪತ್ತೆರಡು ವರ್ಷ. ಬಾಂಬರ್ ವಿಮಾನದ ಬಾಲದಲ್ಲಿ, ಹಿಂದಕ್ಕೆ ಮುಖ ಮಾಡಿ, ಬಂದೂಕು ಹಿಡಿದು ಕೂರುವ ಕೆಲಸ. ತಾಯಿಗೆ ಬರೆದ ಕೊನೆಯ ಕಾಗದ, ನನಗಿಂತ ಮುನ್ನೂರು ವರ್ಷ ಹಿಂದಿನ ನಿಮ್ಮ ಕಾಲದಲ್ಲಿ, ನಿಮ್ಮ ಅಲಮಾರಿಯಲ್ಲಿದೆ. ಮುಂದೆ ಕೈಯಿಂದ ಕೈಗೆ ದಾಟಿ ನನ್ನ ಮೇಜಿಗೆ ಬರುತ್ತದೆ. "ಅವ್ವಾ, ಎಲ್ಲಾರೂ ಹೊಂಟ ಕಡೆ ನೋಡಕೋಂತ ಹೋಗ್ತಾರ, ನಾ ಒಬ್ಬಾಂವ ಬಿಟ್ಟ ಬಂದದ್ದ ನೋಡಕೋಂತ ಹೋಗಾಂವ. ರೊಟ್ಟಿ ನೆನಪಾಗ್ತಾವು. ಇನ್ನ ಬರ್ತೇನಿ."

ಮರುವಾರ ಬರ್ಮಾದ ಕಾಡಿನ ಮೇಲೆ ವಿಮಾನ ಉರಿದು ಬಿತ್ತು. ಯಾರೂ ಉಳಿಯಲಿಲ್ಲವೆಂದು ಪಡೆಯ ದಿನಚರಿಯಲ್ಲಿದೆ, ಆದರೆ ಹೆಸರುಗಳಿಲ್ಲ. ಮನೆಗೆ ಬಂದ ಸರ್ಕಾರಿ ತಂತಿ ಎಲ್ಲೋ ಕಳೆದುಹೋಯಿತು. ಉಳಿದದ್ದು ಈ ಕಾಗದವೊಂದೇ. ನಮ್ಮ ಓದುಯಂತ್ರ ಅದನ್ನು ಓದಿ, "ಬರುವೆನೆಂದು ಸ್ವಂತ ಕೈಯಲ್ಲಿ ಬರೆದಿದ್ದಾನೆ" ಎಂದು ಅವರನ್ನು ದಾರಿಪಟ್ಟಿಗೆ ಸೇರಿಸಿತು. ಆ ಯಂತ್ರಕ್ಕೆ ನೂರಾರು ಭಾಷೆ ಬರುತ್ತದೆ, ಮನೆಮಾತು ಒಂದೂ ಬರುವುದಿಲ್ಲ. ಹೊರಡುವವರು ಹೋಗ್ತೇನಿ ಅನ್ನಬಾರದು, ಅದು ಅಪಶಕುನ. ಅದಕ್ಕೇ ಬರ್ತೇನಿ ಅನ್ನುತ್ತಾರೆ ಎಂದು ಕಟ್ಟೆಯ ಈಗಿನ ಹಿರಿಯರ ಮುಂದೆ ಗಂಟಲು ಹರಿಯುವಂತೆ ಹೇಳಿದೆ. ಹಾಗಾದರೆ ನಿಮ್ಮವರು ಸುಳ್ಳು ಹೇಳುತ್ತಿದ್ದರೇ ಎಂದು ಕೇಳಿದರು. ನನಗೆ ಅಳು ಬಂತು. ಹೆಸರು ತೆಗೆಯಲು ಮನೆಯವರ ಕೈಬರಹವೇ ಬೇಕಂತೆ, ನನ್ನದು ನಡೆಯದಂತೆ.

ಅದಕ್ಕೇ ಈ ಬೇಡಿಕೆ. ದಯವಿಟ್ಟು ಅಲಮಾರಿ ತೆಗೆದು, ಆ ಕಾಗದದ ಹಿಂಬದಿಯಲ್ಲಿ ಒಂದು ಸಾಲು ಬರೆಯಿರಿ: ನಮ್ಮ ದೊಡ್ಡಜ್ಜ ಯುದ್ಧದಲ್ಲಿ ತೀರಿಕೊಂಡರು. ಇಷ್ಟು ಸಾಕು. ಅವರಿಗೂ ಒಂದು ಹೋಳಿಗೆ ಸಿಗಲಿ. ಮೂವತ್ತು ವರ್ಷದಿಂದ ಸತ್ತವರನ್ನು ಬಾಗಿಲಲ್ಲಿ ನಿಲ್ಲಿಸಿ ಬಂದಿರಾ ಎಂದು ಕೇಳುತ್ತಿದ್ದೇನೆ, ನನ್ನಿಂದ ಇನ್ನು ಆಗುವುದಿಲ್ಲ.

ನೀವು ಬರೆದಿದ್ದರೆ ಆ ಸಾಲು ಇಷ್ಟು ಹೊತ್ತಿಗೆ ಇಲ್ಲಿರಬೇಕಿತ್ತು, ಗೊತ್ತು. ಈ ಪತ್ರ ಶುರುಮಾಡುವ ಮೊದಲು ಕಾಗದ ತಿರುವಿ ನೋಡಿದೆ. ಈಗ ಮತ್ತೆ ನೋಡಿದೆ. ಹಿಂಬದಿ ಖಾಲಿ ಇದೆ.

ಇಲ್ಲಿಗೆ ಮುಗಿಸಬೇಕು. ಹೋಗುತ್ತೇನೆ ಎಂದು ಬರೆಯಲು ನನಗೂ ಕೈ ಬರುತ್ತಿಲ್ಲ.

ಬರ್ತೇನ್ರೀ.