ನೀನಿಲ್ಲದಾಗ ನಾನು ಕಟ್ಟಿದ ವೇಷ

ಮನೆ, ನಿನ್ನ ಕಿಟಕಿಯ ಪಕ್ಕದ ಮೇಜು
ಗುರುವಾರ, ಹದಿನಾರನೇ ತಾರೀಕು, ಬೆಳಗ್ಗೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಮೊದಲು ಮಂಡಿಯ ಸಮಾಚಾರ ಹೇಳು. ಆ ಬೆಟ್ಟದ ಚಳಿಗೆ ನೋವು ಜಾಸ್ತಿಯಾಗಿರಲೇಬೇಕು. ಉಣ್ಣೆಯ ಪಟ್ಟಿಯನ್ನು ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದೇನೆ. ಸೆಟ್ಟಿನಲ್ಲಿ ಯಾರಾದರೂ ನೋಡಿಬಿಟ್ಟಾರೆಂದು ನೀನು ಅದನ್ನು ಕಟ್ಟಿಕೊಳ್ಳುವುದಿಲ್ಲ ಎಂಬುದೂ ಗೊತ್ತು. ಅಜ್ಜಿಯ ಪಾತ್ರ ಮಾಡಲು ಹೋಗಿ ಮಂಡಿನೋವು ಮುಚ್ಚಿಡುವುದು ಭೂಮಿಯ ಮೇಲೆ ನಿನ್ನೊಬ್ಬಳಿಂದಲೇ ಸಾಧ್ಯ. ನಿದ್ದೆ ಬರುತ್ತಿದೆಯೇ? ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೆಯೇ? ನಾನು ಚೆನ್ನಾಗಿದ್ದೇನೆ. ಮಾತ್ರೆ ತಪ್ಪಿಸಿಲ್ಲ. ಗಿಡಗಳಿಗೆ ನೀರು ಹಾಕುತ್ತಿದ್ದೇನೆ, ಮೂಲೆಯದೊಂದು ಮಾತ್ರ ನೀನಿಲ್ಲವೆಂದು ಮುನಿಸಿಕೊಂಡು ತಲೆ ಬಗ್ಗಿಸಿದೆ.

ಅಲ್ಲಿ ಫೋನ್ ಸಿಗುವುದಿಲ್ಲ ಎಂಬುದು ಈ ಪತ್ರಕ್ಕೆ ಒಂದು ಕಾರಣ. ಸಿಕ್ಕಿದ್ದರೂ ಮಾಡುತ್ತಿರಲಿಲ್ಲ ಎಂಬುದು ಇನ್ನೊಂದು. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಒಂದು ಸಲ ‘ಹ್ಞೂಂ’ ಎನ್ನುತ್ತೀಯ, ಆ ಹ್ಞೂಂ ಕೇಳಿದೊಡನೆ ನಾನು ಮಾತು ಹೊರಳಿಸಿ ಗಿಡದ ಕತೆಗೆ ಇಳಿದುಬಿಡುತ್ತೇನೆ. ನಿಮ್ಮ ಶೂಟಿಂಗಿನ ಬಟ್ಟೆಬರೆ ಹೊತ್ತುಕೊಂಡು ಬರುವ ವ್ಯಾನು ಮಧ್ಯಾಹ್ನ ಹೊರಡುತ್ತದಂತೆ. ಡ್ರೈವರ್ ಬಂದು ಇಸಿದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಅಷ್ಟರೊಳಗೆ ಬರೆದು ಮುಗಿಸಬೇಕು.

ನೀನು ಹೋದ ಮಾರನೆಯ ವಾರ ಟೀವಿಯವರು ಬಂದಿದ್ದರು. ನಿನ್ನ ಜೀವನದ ಬಗ್ಗೆ ಕಾರ್ಯಕ್ರಮ ಮಾಡುತ್ತಾರೆ, ಮನೆಯನ್ನೂ ಚಿತ್ರೀಕರಿಸುತ್ತಾರೆ ಎಂದು ನೀನೇ ಹೇಳಿದ್ದೆಯಲ್ಲ, ಅವರೇ. ನಿರ್ದೇಶಕಿ ಚುರುಕಾದ ಹೆಂಗಸು, ಕತ್ತರಿಸಿದ ಕೂದಲು, ಕಣ್ಣಲ್ಲೇ ಮಾತಾಡುವವಳು. ಬೆಳಗ್ಗೆಯೆಲ್ಲ ಅವರು ನನ್ನನ್ನು ಕೇಳಿದ್ದು ಪ್ಲಗ್ ಎಲ್ಲಿದೆ, ಫ್ಯಾನ್ ನಿಲ್ಲಿಸಬಹುದಾ, ಈ ಕುರ್ಚಿ ಆಚೆ ಇಡಬಹುದಾ, ಇಷ್ಟೇ. ಆ ಕುರ್ಚಿಯ ಮೇಲೆ ಕೂತಿದ್ದವನು ನಾನು. ನಿನ್ನ ಪ್ರಶಸ್ತಿಗಳ ಕಪಾಟಿನ ಮುಂದೆ ಕ್ಯಾಮೆರಾ ಹಿಂದೆ ಮುಂದೆ ಓಡಾಡಿತು. ನಿನ್ನ ಕನ್ನಡಿಯ ಮುಂದೆ ನಿಂತಿತು. ಮುಗಿಸಿ ವೈರು ಸುತ್ತುವ ಹೊತ್ತಿಗೆ ಆಕೆಗೆ ಅದೇನು ಕನಿಕರ ಬಂತೋ, ‘ಸಾರ್, ನೀವೂ ಎರಡು ಮಾತಾಡಿಬಿಡಿ’ ಎಂದಳು.

ನಾನು ಚೆನ್ನಾಗಿಯೇ ಶುರುಮಾಡಿದೆ. ಸಂಚಾರಿ ಕಂಪನಿಯಲ್ಲಿ ಮುಖ್ಯ ನಟಿಯ ಗಂಟಲು ಕಟ್ಟಿದ ದಿನ, ಟಿಕೆಟ್ ಹರಿಯುತ್ತಿದ್ದ ಹುಡುಗಿಯನ್ನು ಎಳೆತಂದು ಕೂದಲಿಗೆ ಹಿಟ್ಟು ಬಳಿದು ಮುದುಕಿ ಮಾಡಿ ನಿಲ್ಲಿಸಿದ್ದು, ಹತ್ತೊಂಬತ್ತರ ಆ ಮುದುಕಿಯನ್ನು ನೋಡಿ ಮೊದಲ ಸಾಲಿನ ನಿಜವಾದ ಮುದುಕಿಯೊಬ್ಬಳು ಬಿಕ್ಕಿಬಿಕ್ಕಿ ಅತ್ತಿದ್ದು, ಇವನ್ನು ಹೇಳಿದೆ. ಮೂಗು ದೊಡ್ಡದಾಯಿತು ಎಂದು ಸಿನಿಮಾದವರು ನಿನ್ನನ್ನು ವಾಪಸು ಕಳಿಸಿದ್ದು, ಮುಂದೆ ಅದೇ ಮೂಗು ಊರೂರಿನ ಗೋಡೆಗಳ ಮೇಲೆ ಕೂತದ್ದು ಹೇಳಿದೆ. ನಾಯಕಿಯ ಗೆಳತಿಯಾಗಿ ಬಂದವಳು ನಾಯಕಿಯಾಗಿ, ಅತ್ತಿಗೆಯಾಗಿ, ಆಮೇಲೆ ಸಾಲುಸಾಲು ಸಿನಿಮಾಗಳಲ್ಲಿ ಸತ್ತ ಮಗನ ಮೇಲೆ ಬಿದ್ದು ಅಳುವ ತಾಯಿಯಾಗಿ ಬೇಸತ್ತು, ಎಲ್ಲ ಬಿಟ್ಟು ಮತ್ತೆ ರಂಗಕ್ಕೆ ಬಂದು ಬರಿಯ ಒಂದು ಸ್ಟೂಲಿನ ಮೇಲೆ ಕೂತು ಇಡೀ ನಾಟಕ ಒಬ್ಬಳೇ ನಡೆಸಿದ್ದನ್ನೂ ಹೇಳಿದೆ. ಎಲ್ಲ ನಿಜ. ಆದರೆ ಇವೆಲ್ಲ ಆಕೆ ಪತ್ರಿಕೆಗಳಲ್ಲಿ ಓದಿಕೊಂಡೇ ಬಂದಿದ್ದಳು. ಕ್ಯಾಮೆರಾದವನು ಬಾಯಿಗೆ ಕೈ ಅಡ್ಡ ಇಟ್ಟು ಆಕಳಿಸಿದ. ಆಕೆ, ‘ಅದಲ್ಲ ಸಾರ್, ನಿಮ್ಮ ಬಗ್ಗೆ ಹೇಳಿ. ಇಷ್ಟು ದೊಡ್ಡ ನಟಿಯ ಗಂಡ ಆಗಿರೋದು ಹೇಗಿರುತ್ತೆ?’ ಎಂದಳು.

ಜೀವಮಾನವೆಲ್ಲ ನೀರಿನ ಕಚೇರಿಯಲ್ಲಿ ಕೂತು ನೆಲದಡಿಯ ಕೊಳವೆಗಳ ನಕ್ಷೆ ಬರೆದವನು ನಾನು. ನನ್ನ ಬಗ್ಗೆ ಯಾರೂ ಹಾಗೆ ಕೇಳಿದವರಿಲ್ಲ. ಬಾಯಿ ತೆರೆದೆ. ಮಗಳು ಆಸ್ಪತ್ರೆಯಲ್ಲಿದ್ದಳಲ್ಲ, ಹೊಸ ರಂಗಮಂದಿರದಲ್ಲಿ ನಿನ್ನ ನ್ಯಾಯಾಧೀಶೆಯ ನಾಟಕದ ಮೊದಲ ಪ್ರದರ್ಶನದ ದಿನ, ಆ ಕತೆ ಬಾಯಿಗೆ ಬಂತು. ಜ್ವರ ನೆತ್ತಿಗೇರಿ ಮಗು ಅಮ್ಮಾ ಅಮ್ಮಾ ಎಂದು ಕನವರಿಸುತ್ತಿತ್ತು ಎಂದೆ. ಅಲ್ಲಿಯವರೆಗೆ ನಿಜ. ಆಕೆಯ ಕಣ್ಣು ನನ್ನ ಮೇಲೆ ನೆಟ್ಟಿತು. ಕ್ಯಾಮೆರಾದವನು ಆಕಳಿಕೆ ನಿಲ್ಲಿಸಿದ. ಮುಂದಿನದನ್ನು ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ. ‘ನಾನು ರಂಗಮಂದಿರಕ್ಕೆ ಫೋನ್ ಮಾಡಿದೆ. ಅವಳು, ನಾಟಕ ಮುಗಿಸಿ ಬರ್ತೀನಿ ಅಂದಳು’ ಎಂದೆ. ಎಂದು ಸ್ವಲ್ಪ ಹೊತ್ತು ಸುಮ್ಮನಾದೆ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡೆ. ‘ಕಲೆ ಅಂದ್ರೆ ಹಾಗೇ ಅಲ್ವಾ’ ಎಂದು ನಕ್ಕೆ. ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು. ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡಳು.

ನಡೆದದ್ದು ನಿನಗೆ ಗೊತ್ತು, ನನಗೂ ಗೊತ್ತು. ನಾನು ಫೋನ್ ಮಾಡಲೇ ಇಲ್ಲ. ಮಾಡಲು ಹೊರಟ ಪಕ್ಕದ ಮನೆಯಾಕೆಯನ್ನೂ ತಡೆದವನು ನಾನೇ. ಈ ನಾಟಕ ಕೈತಪ್ಪಿದರೆ ನಿನಗೆ ಇನ್ನೊಂದು ಸಿಗುವುದಿಲ್ಲ ಎಂದು ನನ್ನ ಪಾಡಿಗೆ ನಾನೇ ತೀರ್ಮಾನ ಮಾಡಿದೆ. ಪರದೆ ಬಿದ್ದ ಮೇಲೆ ಯಾರೋ ಹೇಳಿ, ನೀನು ಮುಖದ ಬಣ್ಣವನ್ನೂ ಅಳಿಸದೆ ಆಸ್ಪತ್ರೆಗೆ ಓಡಿ ಬಂದೆ. ನರ್ಸು ನಿನ್ನ ವೇಷ ನೋಡಿ ಬಾಗಿಲಲ್ಲೇ ತಡೆದಳು. ಮಗುವನ್ನು ನೋಡಿ ಹೊರಗೆ ಬಂದು ಕಾರಿಡಾರಿನಲ್ಲಿ ನೀನು ಕೇಳಿದ್ದು ಒಂದೇ ಮಾತು: ‘ಮಗು ಕಣ್ಣು ಮುಚ್ಚಿಬಿಟ್ಟಿದ್ರೆ ನಾನು ಅಲ್ಲಿ ನಿಂತು ಯಾರಿಗೆ ನ್ಯಾಯ ಹೇಳ್ತಿದ್ದೆ, ರೀ?’ ನಾನು ಒಳ್ಳೆಯದಕ್ಕೇ ಮಾಡಿದೆ ಎಂದುಕೊಂಡಿದ್ದೆ, ಇಂದಿಗೂ ಒಂದೊಂದು ಸಲ ಹಾಗೇ ಅನ್ನಿಸುತ್ತದೆ. ಆ ನಾಟಕವೇ ನಿನ್ನನ್ನು ನೀನಾಗಿ ಮಾಡಿತಲ್ಲ. ಈಗ ಇಬ್ಬರು ಅಪರಿಚಿತರ ಕನಿಕರಕ್ಕೆ ಅದನ್ನೇ ತಲೆಕೆಳಗು ಮಾಡಿ ನಿನ್ನ ತಲೆಗೆ ಕಟ್ಟಿದೆ.

ಅಷ್ಟಕ್ಕೇ ನಿಂತಿದ್ದರೆ ಅದೊಂದು ಮಾತು. ಕಾರ್ಯಕ್ರಮದ ಜಾಹೀರಾತು ಎಂದು ಅವರು ಟೀವಿಯಲ್ಲಿ ಹಾಕಿದ್ದು ಅದೇ ತುಣುಕನ್ನು. ಎದುರು ಮನೆಯ ಹಲ್ಲಿನ ಡಾಕ್ಟರಮ್ಮ ಮೆಟ್ಟಿಲಲ್ಲಿ ತಡೆದು, ‘ಅಯ್ಯೋ, ನಿಮ್ಮ ತಾಳ್ಮೆ ದೊಡ್ಡದು ಸಾರ್’ ಎಂದರು. ಕ್ಷೌರದಂಗಡಿಯಲ್ಲಿ ನನಗೆ ಸರದಿ ಬಿಟ್ಟುಕೊಟ್ಟರು. ಕ್ಷೌರಿಕ ಕುತ್ತಿಗೆಗೆ ಬಟ್ಟೆ ಕಟ್ಟುತ್ತ, ‘ಕಲಾವಿದರ ಮನೆ ಹೊರಗಿಂದ ನೋಡೋಕೇ ಚೆಂದ ಬಿಡಿ ಯಜಮಾನ್ರೇ’ ಎಂದ. ಇವಳೇ, ನಾನು ಅವನ ಬಾಯಿ ಮುಚ್ಚಿಸಲಿಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡಿಕೊಂಡು ಉದ್ದಕ್ಕೆ ಒಂದು ನಿಟ್ಟುಸಿರು ಬಿಟ್ಟೆ. ಚೆನ್ನಾಗಿಯೇ ಇತ್ತು ಆ ನಿಟ್ಟುಸಿರು. ಎಂದೂ ಯಾರೂ ತಿರುಗಿ ನೋಡದವನನ್ನು ಆ ದಿನ ಬೀದಿಯೆಲ್ಲ ನೋಡಿತು. ನನಗೆ ಹಿತವಾಗಿತ್ತು. ಇದನ್ನು ಬರೆಯುವಾಗ ಕಿವಿಯವರೆಗೂ ಬಿಸಿಯಾಗುತ್ತಿದೆ, ಆದರೆ ಹಿತವಾಗಿತ್ತು.

ಸಂಜೆ ಮಗಳು ಫೋನ್ ಮಾಡಿದಳು. ‘ಅಪ್ಪಾ, ಟೀವೀಲಿ ನೋಡಿದೆ. ಅಮ್ಮನ ಮುಖದ ಬಣ್ಣ ನನ್ನ ದಿಂಬಿಗೆಲ್ಲ ಮೆತ್ತಿಕೊಂಡಿದ್ದು ನನಗೆ ನೆನಪಿದೆ. ಯಾಕೆ ಅಷ್ಟು ತಡವಾಗಿ ಬಂದಳು ಅಂತ ಮಾತ್ರ ಗೊತ್ತಿರಲಿಲ್ಲ. ನೀನು ಹೇಳಿದ್ದು ನಿಜಾನಾ?’ ಎಂದು ಕೇಳಿದಳು. ಅಲ್ಲ ಎನ್ನಲು ಎಷ್ಟು ಹೊತ್ತು ಬೇಕು ಹೇಳು. ನಾನು, ‘ಹಳೇ ಕತೆ ಬಿಡು ಮಗಳೇ’ ಎಂದೆ. ಅವಳು ಬಿಡಲಿಲ್ಲ ಎನ್ನುವುದು ಅವಳು ಫೋನ್ ಇಟ್ಟ ರೀತಿಯಲ್ಲೇ ತಿಳಿಯಿತು. ಮುಂದಿನ ತಿಂಗಳು ನಿನ್ನ ಸನ್ಮಾನಕ್ಕೆ ರಜೆ ಹಾಕಿದ್ದವಳು, ‘ರಜೆ ಸಿಗುತ್ತೋ ಇಲ್ವೋ ನೋಡಬೇಕು’ ಎಂದಳು. ನಮ್ಮ ಮಗಳು ಕೋಪ ಬಂದರೆ ಕೂಗಾಡುವವಳಲ್ಲ, ಹೀಗೆ ರಜೆ ಸಿಗದವಳು.

ಮಾರನೆಯ ಬೆಳಗ್ಗೆ ಎದ್ದವನೇ ಟೀವಿ ಕಚೇರಿಗೆ ಹೋದೆ. ಆ ತುಣುಕು ತೆಗೆದುಬಿಡಿ ಎಂದೆ. ನಿರ್ದೇಶಕಿ ನಕ್ಕು, ‘ಸಾರ್, ಅದೇ ಕಾರ್ಯಕ್ರಮದ ಜೀವ’ ಎಂದು, ಕಿಟಕಿಯಿಲ್ಲದ ಕೋಣೆಯೊಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದಳು. ದೊಡ್ಡ ಪರದೆಯ ಮೇಲೆ ನಾನು. ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಇಳಿಸಿದ್ದೇನೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದೇನೆ. ಕನ್ನಡಕ ತೆಗೆದು ಒರೆಸಿಕೊಂಡೆನಲ್ಲ, ಆ ಕಣ್ಣು ಪರದೆಯ ಮೇಲೆ ಇಷ್ಟು ದೊಡ್ಡದಾಗಿ ಕಾಣುತ್ತಿತ್ತು, ಒಂದು ಹನಿ ನೀರಿಲ್ಲ. ಒಣಗಿದ ಕೆರೆ. ನಿನ್ನ ಎಷ್ಟೋ ತಾಲೀಮುಗಳನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಅಳುವ ದೃಶ್ಯ ಬಂದರೆ ನೀನು ಅಳು ತಡೆಯಲು ಒದ್ದಾಡುತ್ತಿದ್ದೆ, ಜನ ಅಳುತ್ತಿದ್ದರು. ಇಲ್ಲಿ ಪರದೆಯ ಮೇಲೆ ನಾನು ಅಳು ತರಿಸಿಕೊಳ್ಳಲು ಒದ್ದಾಡುತ್ತಿದ್ದೆ. ಇಷ್ಟು ವರ್ಷ ನಿನ್ನ ಪಕ್ಕದಲ್ಲಿದ್ದು ನಾನು ಕಲಿತದ್ದು ಹೊಟ್ಟೆಪಾಡಿನ ನಟರ ಕೈಚಳಕ ಮಾತ್ರ.

‘ಇದು ಸುಳ್ಳು ಕಣಮ್ಮಾ’ ಎಂದೆ. ನಂಬಲಿಲ್ಲ. ‘ಮೇಡಂಗೆ ಹೆದರಿಕೊಂಡು ಬಂದಿದ್ದೀರಾ ಸಾರ್?’ ಎಂದು ಕೇಳಿದಳು, ಅದೂ ಮರುಕದಿಂದ! ನನ್ನ ಸುಳ್ಳು ಎಷ್ಟು ಚೆನ್ನಾಗಿತ್ತೆಂದರೆ ನಿಜ ಹೇಳಹೊರಟರೆ ನೀನು ಇನ್ನಷ್ಟು ಕೆಟ್ಟವಳಾಗುತ್ತಿದ್ದೆ. ಹಾಗಾದರೆ ಕ್ಯಾಮೆರಾ ಇಡಿ, ಅದರ ಮುಂದೆಯೇ ಹೇಳುತ್ತೇನೆ ಎಂದು ಹಟ ಹಿಡಿದೆ. ಇಟ್ಟರು. ಹೇಳಿದೆ. ತಡವರಿಸಿದೆ, ಎರಡು ಸಲ ನೀರು ಕೇಳಿದೆ, ಪಕ್ಕದ ಮನೆಯಾಕೆಯ ವಿಷಯ ಮೊದಲು ಹೇಳಬೇಕಾದದ್ದನ್ನು ಕೊನೆಯಲ್ಲಿ ಹೇಳಿದೆ. ನಡುವೆ ನನ್ನನ್ನೇ ಸಮರ್ಥಿಸಿಕೊಳ್ಳಲು ಹೋಗಿ ಮಾತು ನುಂಗಿದೆ. ಮುಗಿದ ಮೇಲೆ ಆ ಕೋಣೆಯಲ್ಲಿ ಯಾರಿಗೂ ಕಣ್ಣೀರು ಬರಲಿಲ್ಲ. ನಿರ್ದೇಶಕಿ ನನ್ನ ಕೈ ಹಿಡಿಯಲಿಲ್ಲ. ಬಹಳ ಹೊತ್ತು ನನ್ನನ್ನು ನೋಡಿ, ‘ಇದೊಂದನ್ನೇ ಹಾಕಿದ್ರೆ ಜನಕ್ಕೆ ಅರ್ಥ ಆಗಲ್ಲ ಸಾರ್. ಜಾಹೀರಾತು ಎಲ್ರೂ ನೋಡಿಬಿಟ್ಟಿದ್ದಾರೆ. ಹಾಕೋದಾದ್ರೆ ಎರಡನ್ನೂ ಹಾಕಬೇಕು, ಒಂದರ ಹಿಂದೆ ಒಂದು. ಆಮೇಲೆ ನಿಮ್ಮ ಮರ್ಯಾದೆ ನಮ್ಮ ಕೈಲಿರಲ್ಲ’ ಎಂದಳು. ಹಾಕಿ ಎಂದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ, ವಾಪಸು ಹೋಗಿ ಬೇಡ ಎಂದುಬಿಡಲೇ ಎಂದು ಕಾಲು ಎಳೆಯುತ್ತಿತ್ತು. ಹೋಗಲಿಲ್ಲ, ಅಷ್ಟೇ. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ.

ಭಾನುವಾರ ಸಂಜೆ ಬರುತ್ತದೆ. ಅಲ್ಲಿ ಟೀವಿ ಇರುವುದಿಲ್ಲ ಎಂದು ನೀನೇನೂ ಬೇಸರ ಮಾಡಿಕೊಳ್ಳಬೇಡ. ಇನ್ನು ಮೇಲೆ ಡಾಕ್ಟರಮ್ಮ ಮೆಟ್ಟಿಲಲ್ಲಿ ನಿಲ್ಲುವುದಿಲ್ಲ, ಕ್ಷೌರದಂಗಡಿಯಲ್ಲಿ ನನ್ನ ಸರದಿ ನನಗೇ. ಬೈಯುವುದಿದ್ದರೆ ಬಂದ ಮೇಲೆ ಬೈಯಿ. ಹ್ಞೂಂ ಎಂದು ಮಾತ್ರ ಅನ್ನಬೇಡ. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಮೇಕಪ್ಪಿನವನಿಗೆ ವಿಶೇಷವಾಗಿ, ನಿನ್ನ ಗೊಣಗಾಟ ತಡೆದುಕೊಳ್ಳುವ ಇನ್ನೊಬ್ಬ ಗಂಡಸು ಅವನೇ. ಬೆಚ್ಚಗಿರು. ಮಂಡಿಗೆ ಪಟ್ಟಿ ಕಟ್ಟಿಕೋ.

ನೀನು ಕರೆಯುವ
‘ರೀ’

ಮತ್ತೊಂದು ಮಾತು: ಡ್ರೈವರ್ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವಾಗ ಮಗಳ ಫೋನ್ ಬಂತು, ಬಸ್ ನಿಲ್ದಾಣದಿಂದ. ನಿನ್ನನ್ನೇ ಕೇಳುತ್ತೇನೆಂದು ಬೆಟ್ಟಕ್ಕೆ ಹೊರಟಿದ್ದಾಳೆ. ಆ ಗದ್ದಲದಲ್ಲಿ ಅವಳಿಗೆ ಕೇಳಿಸಲೆಂದು ನಾನು ಕೂಗಿ ಹೇಳಬೇಕಾಯಿತು: ‘ನಾನು ಫೋನ್ ಮಾಡಿರಲಿಲ್ಲ! ನಿಮ್ಮಮ್ಮನಿಗೆ ಗೊತ್ತೇ ಇರಲಿಲ್ಲ!’ ಡ್ರೈವರ್ ನೆಲ ನೋಡುತ್ತ ನಿಂತ. ಅವಳು, ‘ಹಾಗಾದ್ರೆ ಆಸ್ಪತ್ರೇಲಿ ಅಮ್ಮ ನನ್ನ ಹತ್ರ, ತಡವಾಯ್ತು ಮಗಳೇ, ನಂದೇ ತಪ್ಪು ಅಂತ ಯಾಕೆ ಅಂದಳು? ಇಷ್ಟು ವರ್ಷ ಯಾಕೆ ಹೇಳಲಿಲ್ಲ?’ ಎಂದು ಕೇಳಿದಳು. ನೀನು ಹಾಗೆ ಹೇಳುವಾಗ ನಾನು ಆ ಮಂಚದ ಪಕ್ಕದಲ್ಲೇ ನಿಂತಿದ್ದೆ, ನಿನಗೆ ನೆನಪಿರಬಹುದು. ಬಾಯಿ ಬಿಡಲಿಲ್ಲ. ಬಸ್ಸು ಹೊರಟಿತು, ಅವಳು ಫೋನ್ ಇಟ್ಟಳು. ಅವಳ ಊರಿನಿಂದ ಎರಡು ದಿನದ ದಾರಿ, ಶನಿವಾರ ನಿನ್ನ ಮುಂದೆ ನಿಲ್ಲುತ್ತಾಳೆ. ಅವಳು ಕೇಳಿದರೆ ಈ ಸಲವೂ ನನ್ನನ್ನು ಉಳಿಸಲು ಹೋಗಬೇಡ, ಇವಳೇ. ಆ ಪಾತ್ರ ಸಾಕು.