ಕೌಂಟರ್ ಕೆಳಗಿನ ಡಬ್ಬಿ

ಮೊಂಟಾನಾ, ಸೋಮವಾರ

ಬಂದೂಕಿನ ಅಂಗಡಿಯ ಕೊರಿನ್ ಅವರಿಗೆ,

ಪ್ರತಿ ಗುರುವಾರ ನಾನು ಬಂದು ಖಾಲಿ ತೋಟಾ ಮತ್ತೆ ತುಂಬಲು, ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಕೇಳುತ್ತೇನೆ. ನೀವು, "ಎಲ್ಲೂ ಸಿಗ್ತಾ ಇಲ್ಲ ಹಾರ್ಲನ್, ಮುಂದಿನ ವಾರ ಬನ್ನಿ" ಅನ್ನುತ್ತೀರಿ.

ಮೊನ್ನೆ ಗುರಿ ಅಭ್ಯಾಸದ ಮೈದಾನದಲ್ಲಿ ನಮ್ಮ ಜೊತೆ ಗುಂಡು ಹೊಡೆಯುವ ವೆಂಡೆಲ್ ಕೇಪಿನ ಹೊಸ ಡಬ್ಬಿ ತೆರೆದ. ಮೇಲೆ ನಿಮ್ಮ ಕೈಬರಹದಲ್ಲಿ ಅವನ ಹೆಸರಿತ್ತು. "ಕೊರಿನ್ ನಂಗೇ ಅಂತ ಕೌಂಟರ್ ಕೆಳಗೆ ಎತ್ತಿಟ್ಟಿದ್ಲು ಕಣೋ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವನ ಗುಂಡು ಗುರಿ ಹಲಗೆಯ ಅಂಚಿಗೂ ತಾಗುವುದಿಲ್ಲ; ಬೇಕಾದರೆ ಬಂದು ನೋಡಿ.

ಇದರ ಜೊತೆ ಕೇಪಿನ ಡಬ್ಬಿಗಳನ್ನು ಕಳಿಸಿದ್ದೇನೆ. ಪ್ರತಿ ಗುರುವಾರ ನಿಮ್ಮನ್ನು ಕೇಳುವಾಗಲೂ ಇವು ನನ್ನ ಗ್ಯಾರೇಜಿನಲ್ಲೇ ಇದ್ದವು. ಎಲ್ಲವನ್ನೂ ವೆಂಡೆಲ್‌ಗೆ ಕೊಟ್ಟುಬಿಡಿ. ಈ ವರ್ಷವಿಡೀ ಅವನು ನಿಮ್ಮ ಅಂಗಡಿಯ ಮೆಟ್ಟಿಲು ಹತ್ತುವ ಅಗತ್ಯ ಬೀಳಬಾರದು.

ಗುರುವಾರ ಎಂದಿನಂತೆ ಬಂದು ಕೇಳುತ್ತೇನೆ. ಈ ಸಲ ನನ್ನ ಹತ್ತಿರ ನಿಜವಾಗಿಯೂ ಕೇಪು ಇಲ್ಲ.

ಇಂತಿ,
ಹಾರ್ಲನ್