ಗಾಜಿನ ಕಪಾಟಿನಲ್ಲಿ ಸೀಟು ಪಡೆದ ನನ್ನ ಹಲ್ಲು

ದಂತವೈದ್ಯಕೀಯ ಕಾಲೇಜಿನ ಪ್ರವೇಶ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ತಮ್ಮ ಕಾಲೇಜಿನಲ್ಲಿ ಓದಲು ನಾನು ಯೋಗ್ಯಳಲ್ಲ ಎಂಬ ಪತ್ರ ಕೈಸೇರಿತು. ನಾನು ಮೇಣದಲ್ಲಿ ಕೆತ್ತಿದ ಹಲ್ಲು ಮಾತ್ರ ಅದೇ ಕಾಲೇಜಿನ ಮೊದಲ ಮಹಡಿಯ ಗಾಜಿನ ಕಪಾಟಿನಲ್ಲಿ, ಪುಟ್ಟ ದೀಪದ ಕೆಳಗೆ, ‘ಮಾದರಿ: ವಿದ್ಯಾರ್ಥಿಗಳು ಗಮನಿಸತಕ್ಕದ್ದು’ ಎಂಬ ಚೀಟಿ ಹೊತ್ತು ಕುಳಿತಿದೆ. ಅಂದರೆ ಹಲ್ಲಿಗೆ ಸೀಟು ಸಿಕ್ಕಿದೆ, ಕೆತ್ತಿದವಳಿಗೆ ಸಿಕ್ಕಿಲ್ಲ. ಈ ಎರಡು ತೀರ್ಮಾನಗಳಲ್ಲಿ ಯಾವುದು ತಪ್ಪು ಎಂದು ತಾವು ತಿಳಿಸಬೇಕು. ಎರಡೂ ಸರಿ ಇರುವುದು ಹೇಗೆ ಎಂದು ನನ್ನಂಥ ಮಂದಬುದ್ಧಿಗೆ ಹೊಳೆಯುತ್ತಿಲ್ಲ.

ನನ್ನ ಇತಿಹಾಸ ತಮ್ಮ ಕಡತದಲ್ಲಿದೆ. ಈ ಬಹಿರಂಗ ಪತ್ರದ ಓದುಗರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ಹದಿನೆಂಟನೆಯ ವಯಸ್ಸಿನಲ್ಲಿ ನಾನು ಭೌತಶಾಸ್ತ್ರದಲ್ಲಿ ತೆಗೆದದ್ದು ನೂರಕ್ಕೆ ಒಂಬತ್ತು. ಅಚ್ಚಿನ ತಪ್ಪಲ್ಲ, ಒಂಬತ್ತೇ. ಆ ವರ್ಷ ಕ್ಯಾಂಟೀನಿನ ಮೂಲೆಯ ಮೇಜಿಗೆ ನನ್ನ ಹಾಜರಾತಿ ನೂರಕ್ಕೆ ನೂರಿತ್ತು, ಅದನ್ನು ಯಾರೂ ಅಂಕಪಟ್ಟಿಯಲ್ಲಿ ಸೇರಿಸಲಿಲ್ಲ. ಮನೆಯಲ್ಲಿ ಬೈದು ಬೈದು ಎಲ್ಲರ ಬಾಯಿ ನೋಯತೊಡಗಿದಾಗ ಸೋದರಮಾವ ನನ್ನನ್ನು ತನ್ನ ಕಾರ್ಖಾನೆಗೆ ಕರೆದೊಯ್ದ. ಕಾರ್ಖಾನೆ ಎಂದರೆ ಎರಡು ಕೋಣೆ, ನಾಲ್ಕು ಮೇಜು, ಮೈತುಂಬ ಪ್ಲಾಸ್ಟರ್ ಪುಡಿ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾವು ಹಲ್ಲಿನ ಸೆಟ್ಟು ಮಾಡಿ ವಾಪಸು ಕಳಿಸುತ್ತೇವೆ. ಮೊದಲ ಆರು ತಿಂಗಳು ನಾನು ನೆಲ ಗುಡಿಸಿದೆ. ಭೌತಶಾಸ್ತ್ರಕ್ಕಿಂತ ಅದು ವಾಸಿ ಎನಿಸಿತ್ತು.

ನನಗೆ ಬುದ್ಧಿ ಬಂದದ್ದು ಅಜ್ಜಿಯ ಬಾಯಿಯಿಂದ. ಅವಳಿಗೊಂದು ಸೆಟ್ಟಿತ್ತು. ಅದು ಬಾಯಿಗಿಂತ ಹೆಚ್ಚು ಹೊತ್ತು ಲೋಟದಲ್ಲೇ ಇರುತ್ತಿತ್ತು. ನೆಂಟರು ಬಂದಾಗ ಹಾಕಿಕೊಂಡು, ಅವರು ಹೊರಟ ತಕ್ಷಣ ತೆಗೆದು, ಒಸಡು ಒತ್ತಿಕೊಳ್ಳುತ್ತ ಕೂರುತ್ತಿದ್ದಳು. ಅದರ ಅಚ್ಚನ್ನು ಹುಡುಕಿ ತೆಗೆದು ನೋಡಿದೆ. ಅಚ್ಚು ತೆಗೆದ ವೈದ್ಯರಿಗೆ ಆ ದಿನ ಎಲ್ಲಿಗೋ ಹೋಗುವ ಅವಸರವಿದ್ದಿರಬೇಕು, ಒಂದು ಬದಿ ಪೂರ್ತಿ ಜಾರಿಹೋಗಿತ್ತು. ಬೇರೆ ವೈದ್ಯರಿಂದ ಹೊಸ ಅಚ್ಚು ತೆಗೆಸಿ, ಮೂರು ವಾರ ಕೂತು ನಾನೇ ಸೆಟ್ಟು ಮಾಡಿದೆ. ಅಜ್ಜಿ ಅದನ್ನು ಹಾಕಿಕೊಂಡು ಸೇಬು ಕಚ್ಚಿದಳು. ಕಟ್ ಎಂಬ ಆ ಸದ್ದು ಕೇಳಿ ನಾನು ಅತ್ತೆ. ಯಾವ ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಅತ್ತಿರಲಿಲ್ಲ, ಒಂಬತ್ತು ಬಂದಾಗಲೂ.

ಹನ್ನೊಂದು ವರ್ಷದಲ್ಲಿ ಸಾವಿರಾರು ಬಾಯಿಗಳ ಅಚ್ಚುಗಳು ನನ್ನ ಕೈಯಲ್ಲಿ ಹಾದುಹೋಗಿವೆ, ಬಾಯಿ ಮಾತ್ರ ಒಂದೂ ಅಲ್ಲ. ಬಾಯಿಗೆ ಕೈಹಾಕುವ ಹಕ್ಕು ವೈದ್ಯರದು, ಅದು ಸರಿಯೇ. ಆದರೆ ಕೆಟ್ಟ ಅಚ್ಚು ಬಂದಾಗಲೆಲ್ಲ, ಈ ಮನುಷ್ಯ ನಾಳೆ ಏನನ್ನೂ ಅಗಿಯಲಾರ ಎಂದು ಗೊತ್ತಿದ್ದೂ ಅದಕ್ಕೇ ಸೆಟ್ಟು ಮಾಡಿ ಕಳಿಸುವುದು ನನಗೆ ಸಾಕಾಗಿತ್ತು. ಅದಕ್ಕೇ ಮತ್ತೆ ಪುಸ್ತಕ ಹಿಡಿದೆ. ಪ್ಲಾಸ್ಟರ್ ಒಣಗುವಷ್ಟರಲ್ಲಿ ಒಂದು ಪುಟ, ಮೇಣ ಕರಗುವಷ್ಟರಲ್ಲಿ ಇನ್ನೊಂದು. ಇಪ್ಪತ್ತೆಂಟನೆಯ ವಯಸ್ಸಿಗೆ ಹದಿನೆಂಟರ ಮಕ್ಕಳ ಪಕ್ಕ ಕೂತು ಅದೇ ಪರೀಕ್ಷೆ ಬರೆದು ಎಂಬತ್ತೆಂಟು ತೆಗೆದೆ. ಮಾವ ಇಡೀ ಬೀದಿಗೆ ಸಿಹಿ ಹಂಚಿದ. ದಂತವೈದ್ಯರ ಕೆಲಸಕ್ಕೆ ಸಿಹಿಯೇ ಮೂಲ ಬಂಡವಾಳ ಎಂದು ಅವನ ನಂಬಿಕೆ.

ಆಗ ಎದುರಾಯಿತು ತಮ್ಮ ನಿಯಮ. ಅಭ್ಯರ್ಥಿ ಎಷ್ಟು ಸಲ ಪರೀಕ್ಷೆ ಬರೆದರೂ ಎಲ್ಲದರ ಸರಾಸರಿ ತೆಗೆಯತಕ್ಕದ್ದು, ಐವತ್ತಕ್ಕಿಂತ ಕಡಿಮೆ ಬಂದರೆ ತಿರಸ್ಕರಿಸತಕ್ಕದ್ದು. ಒಂಬತ್ತು ಮತ್ತು ಎಂಬತ್ತೆಂಟರ ಸರಾಸರಿ ನಲವತ್ತೆಂಟೂವರೆ. ಒಮ್ಮೆ ಮಾತ್ರ ಬರೆದು ಐವತ್ತು ತೆಗೆದವನು ಒಳಗೆ, ನಾನು ಹೊರಗೆ. ಇಷ್ಟು ನಿಖರವಾದ ವಿಜ್ಞಾನಕ್ಕೆ ಎದುರಾಡಲು ನಾನ್ಯಾರು? ಆದರೂ ಒಂದು ಸಂಶಯ. ಏಳು ವರ್ಷದ ಮಗುವಿನ ಹಾಲುಹಲ್ಲು ಬಿದ್ದು ಹೊಸದು ಬಂದಾಗ, ತಮ್ಮ ಕಾಲೇಜಿನಲ್ಲಿ ಬಿದ್ದದ್ದನ್ನೂ ಬಂದದ್ದನ್ನೂ ಕೂಡಿ ಎರಡರಿಂದ ಭಾಗಿಸುತ್ತಾರೆಯೇ? ಬಾಯಲ್ಲಿ ಈಗ ಏನಿದೆ ಎಂದು ನೋಡುವ ಪದ್ಧತಿ ತಮ್ಮಲ್ಲಿ ಇಲ್ಲವೇ?

ನಿಯಮಕ್ಕೊಂದು ವಿನಾಯಿತಿ ಇದೆ ಎಂದು ಗೊತ್ತಾದದ್ದು ಸಂದರ್ಶನದ ದಿನ. ಮನೆಯಲ್ಲಿ ಸಾವು, ಕಾಯಿಲೆ ಅಥವಾ ವಿಪತ್ತು ಸಂಭವಿಸಿದ್ದರೆ ಹಳೆಯ ಅಂಕವನ್ನು ಕೈಬಿಡಬಹುದು. ತಮ್ಮ ಎಡಗಡೆ ಕೂತಿದ್ದ ಮೇಡಂ ಕರುಣೆಯಿಂದಲೇ ಕೇಳಿದರು:

“ಆ ವರ್ಷ ಮನೇಲಿ ಯಾರಾದ್ರೂ ತೀರಿಕೊಂಡಿದ್ರಾ?”

“ಇಲ್ಲ ಮೇಡಂ, ಎಲ್ಲರೂ ಗಟ್ಟಿಮುಟ್ಟಾಗಿದ್ರು. ನಾನೇ ಓದಲಿಲ್ಲ.”

ತಾವು ಕಡತ ಮುಚ್ಚಿದಿರಿ. ಸತ್ಯ ಹೇಳಿದವರ ಮುಖದ ಮೇಲೆ ಅಷ್ಟು ಬೇಗ ಬಾಗಿಲು ಹಾಕುವ ಅಭ್ಯಾಸ ತಮಗೆ ಎಷ್ಟು ವರ್ಷದ್ದು? ಹೊರಗೆ ಬಂದಾಗ ತಮ್ಮ ಗುಮಾಸ್ತರು ಪಾಪ, ನನ್ನನ್ನು ಪಕ್ಕಕ್ಕೆ ಕರೆದರು. ಆ ವರ್ಷ ಮನೆಯಲ್ಲಿ ಸಾವಾಗಿತ್ತು ಎಂದು ಒಂದು ಪ್ರಮಾಣಪತ್ರ ತಂದರೆ ಕೆಲಸವಾಗುತ್ತದೆ, ಸಾಮಾನ್ಯವಾಗಿ ಎಲ್ಲರೂ ಅಜ್ಜಿಯನ್ನೇ ಬರೆಸುತ್ತಾರೆ ಎಂದರು. ಮನೆಗೆ ಬಂದು ಹೇಳಿದರೆ ಎಲ್ಲರಿಗಿಂತ ಮೊದಲು ಒಪ್ಪಿದವಳು ಅಜ್ಜಿಯೇ.

“ಸತ್ತಳು ಅಂತ ಬರೆಸಿಬಿಡೇ. ಕಾಗದದಲ್ಲಿ ಸತ್ರೆ ನನಗೇನು ನೋಯುತ್ತಾ? ನೀನು ಡಾಕ್ಟ್ರಾದ್ರೆ ಸಾಕು.”

ನಾನು ಮಾಡಿದ ಹಲ್ಲಿನಿಂದಲೇ ಅವಳು ಆ ಮಾತು ಹೇಳಿದಳು. ನಿಜ ಹೇಳುತ್ತೇನೆ, ಪ್ರಮಾಣಪತ್ರದ ಅರ್ಜಿಯಲ್ಲಿ ಅವಳ ಹೆಸರಿನ ಮೊದಲ ಎರಡು ಅಕ್ಷರ ಬರೆದಿದ್ದೆ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗಿ ಹಾಳೆ ಹರಿದೆ. ಅಜ್ಜಿಯನ್ನು ಕೊಂದು ವೈದ್ಯೆಯಾಗುವ ದಾರಿ ತಮ್ಮ ನಿಯಮಾವಳಿಯಲ್ಲಿದೆ. ಹದಿನೆಂಟರಲ್ಲಿ ದಡ್ಡಿಯಾಗಿದ್ದೆ, ಈಗ ಅಲ್ಲ ಎಂದು ಹೇಳಿ ಆಗುವ ದಾರಿ ಇಲ್ಲ. ಸುಳ್ಳು ಹೇಳಿದವರಿಂದಲೇ ತರಗತಿ ತುಂಬಿಸಿ, ನಾಳೆ ಅವರು ರೋಗಿಗೆ ‘ಸ್ವಲ್ಪವೂ ನೋಯುವುದಿಲ್ಲ’ ಎಂದಾಗ ಯಾರು ನಂಬಬೇಕು?

ಇನ್ನು ಆ ಹಲ್ಲಿನ ವಿಷಯ. ಪ್ರವೇಶಕ್ಕೆಂದು ನಡೆಸಿದ ಕೆತ್ತನೆ ಪರೀಕ್ಷೆಯಲ್ಲಿ ಎರಡು ಗಂಟೆ ಕೊಟ್ಟಿದ್ದಿರಿ, ನಾನು ಐವತ್ತು ನಿಮಿಷದಲ್ಲಿ ಮುಗಿಸಿದ್ದೆ. ಪರೀಕ್ಷಕರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಪಕ್ಕದವರನ್ನೂ ಕರೆದು ತೋರಿಸಿದರು. ಕಳೆದ ಸೋಮವಾರ ತಮ್ಮ ಆಸ್ಪತ್ರೆಗೆ ಸೆಟ್ಟುಗಳನ್ನು ತಲುಪಿಸಲು ಬಂದವಳು ಅದನ್ನು ಕಪಾಟಿನಲ್ಲಿ ಕಂಡೆ. ಬುಡದಲ್ಲಿ ನನ್ನ ಪರೀಕ್ಷೆಯ ಸಂಖ್ಯೆ ಇಪ್ಪತ್ತೇಳು ಹಾಗೇ ಇದೆ. ನಾಲ್ಕು ವಿದ್ಯಾರ್ಥಿಗಳು ಗಾಜಿಗೆ ಮೂಗು ಒತ್ತಿ ಅದರ ಚಿತ್ರ ಬರೆದುಕೊಳ್ಳುತ್ತಿದ್ದರು. ಹೆಮ್ಮೆಯಾಗಬೇಕಿತ್ತು, ಹೊಟ್ಟೆ ಉರಿಯಿತು. ಆಮೇಲೆ ಚೀಟಿಯನ್ನು ಓದಿ ನಗು ಬಂತು. ‘ಮೇಲ್ದವಡೆ, ಎಡಗಡೆ’ ಎಂದು ಬರೆದಿದ್ದೀರಿ. ಮಾನ್ಯರೇ, ಅದು ಬಲಗಡೆಯ ಹಲ್ಲು. ಬೇರುಗಳು ಯಾವ ಕಡೆಗೆ ಬಾಗಿವೆ ಎಂದು ನೋಡಿದರೆ ನಮ್ಮ ಕಾರ್ಖಾನೆಯಲ್ಲಿ ಪ್ಲಾಸ್ಟರ್ ಕಲಸುವವರೂ ಹೇಳುತ್ತಾರೆ. ಪರೀಕ್ಷೆ ಮುಗಿದ ಎರಡು ತಿಂಗಳಿಂದ ಭಾವೀ ವೈದ್ಯರು ಬಲವನ್ನು ಎಡವೆಂದು ಕಲಿಯುತ್ತಿದ್ದಾರೆ, ತಾವು ದಿನವೂ ಅದರ ಮುಂದೆಯೇ ಹಾದು ಕಚೇರಿಗೆ ಹೋಗುತ್ತೀರಿ. ನಾಳೆ ಯಾರದೋ ಗಟ್ಟಿ ಹಲ್ಲು ಕಿತ್ತು ಹುಳುಕನ್ನು ಉಳಿಸಿದಾಗ ಅದಕ್ಕೂ ಸರಾಸರಿ ತೆಗೆಯುತ್ತೀರಾ?

ನನಗೆ ಬರುವ ತಿಂಗಳು ಮೂವತ್ತು ತುಂಬುತ್ತದೆ. ಆಮೇಲೆ ಅರ್ಜಿ ಹಾಕುವಂತಿಲ್ಲ, ಅದೂ ತಮ್ಮದೇ ನಿಯಮ. ಈ ತಿಂಗಳ ಕೊನೆಗೆ ಪಟ್ಟಿ ಮುಚ್ಚುತ್ತದೆ, ಎರಡು ಸೀಟು ಇನ್ನೂ ಖಾಲಿ ಇವೆ. ನಾನು ಕೇಳುವುದು ದಯೆಯಲ್ಲ. ಕೊನೆಯ ಪರೀಕ್ಷೆಯ ಅಂಕವನ್ನು ಅಂಕವೆಂದು ಎಣಿಸಿ, ಅಷ್ಟೇ. ಅದು ಆಗದಿದ್ದರೆ ಕಪಾಟಿನ ಬೀಗ ತೆಗೆಸಿ ನನ್ನ ಹಲ್ಲು ನನಗೆ ಕೊಡಿ. ಸೆಟ್ಟು ತಲುಪಿಸಲು ಸೋಮವಾರ ಹೇಗೂ ಬರುತ್ತೇನೆ. ಅಯೋಗ್ಯಳೊಬ್ಬಳು ಕೆತ್ತಿದ್ದನ್ನು ನೋಡಿ ತಮ್ಮ ವಿದ್ಯಾರ್ಥಿಗಳು ಕೆಡುವುದು ಬೇಡ.

ಅಜ್ಜಿ ಕ್ಷೇಮವಾಗಿದ್ದಾಳೆ. ಆದ್ದರಿಂದ ಈ ಪತ್ರದ ಜೊತೆ ಯಾವ ಪ್ರಮಾಣಪತ್ರವನ್ನೂ ಲಗತ್ತಿಸಿಲ್ಲ.

ಇಂತಿ,
ತಮ್ಮ ಕಾಲೇಜಿಗೆ ಇದುವರೆಗೆ ಒಂದು ಹಲ್ಲಿನಷ್ಟು ಮಾತ್ರ ಪ್ರವೇಶ ಪಡೆದವಳು
(ಸಂಖ್ಯೆ ಇಪ್ಪತ್ತೇಳು, ಬಲಗಡೆ)